ಡೇಟ್ ಆಫ್ ರ‍್ಯಾಂಕ್ ತಪ್ಪಾಗಿದೆಯೇ? ಅಮೆರಿಕ ಸೇನೆಯ ಅಧಿಕಾರಿ ತಿದ್ದುಪಡಿ ಕೇಳುವ ಬಗೆ

ಡೇಟ್ ಆಫ್ ರ‍್ಯಾಂಕ್, ಅಂದರೆ ದರ್ಜೆಯಲ್ಲಿ ನಿಮ್ಮ ಹಿರಿತನ ಎಣಿಸುವ ತಾರೀಖು, ತಪ್ಪಾಗಿದ್ದರೆ ಅದು ಗೊತ್ತಾಗುವುದೇ ತಡವಾಗಿ. ಭುಜದ ಮೇಲೆ ಸರಿಯಾದ ಗುರುತಿದೆ, ತಿಂಗಳ ಸಂಬಳ ಬರುತ್ತಿದೆ, ಯಾರಿಗೂ ಏನೂ ತೊಂದರೆ ಇಲ್ಲ. ಒಂದು ದಿನ ಮುಂದಿನ ಬಡ್ತಿ ಬೋರ್ಡ್‌ನ ಪ್ರಕಟಣೆ ಬರುತ್ತದೆ. ಅದರಲ್ಲಿ ಯಾರ ಹೆಸರೂ ಇರುವುದಿಲ್ಲ. ಇಂಥ ದಿನದಿಂದ ಇಂಥ ದಿನದವರೆಗೆ ಡೇಟ್ ಆಫ್ ರ‍್ಯಾಂಕ್ ಇರುವವರನ್ನು ಈ ಸಲ ಪರಿಶೀಲಿಸುತ್ತೇವೆ ಅಂತ ಎರಡು ತಾರೀಖು ಇರುತ್ತವೆ, ಅಷ್ಟೇ. ನಿಮ್ಮ ಜೊತೆಗೇ ಕಮಿಷನ್ ಪಡೆದವರೆಲ್ಲ, ಅಂದರೆ ಅಧಿಕಾರಿಗಳಾಗಿ ನೇಮಕವಾದವರೆಲ್ಲ, ಆ ಎರಡು ತಾರೀಖಿನ ಒಳಗೆ ಬರುತ್ತಾರೆ. ನೀವು ಮಾತ್ರ ಎರಡು ತಿಂಗಳ ಅಂತರದಲ್ಲಿ ಹೊರಗೆ. ಆಗ ಶುರುವಾಗುತ್ತದೆ ಹಳೇ ಆರ್ಡರ್ ಹುಡುಕುವ ಕೆಲಸ.

ನಾನು ಕೆಲವು ವರ್ಷ ಬೆಟಾಲಿಯನ್‌ನ ಎಸ್-1, ಅಂದರೆ ಸಿಬ್ಬಂದಿ ವಿಭಾಗದ ಮೇಜಿನ ಹಿಂದೆ ಕೂತಿದ್ದವನು. ಇಂಥ ಅರ್ಜಿಗಳನ್ನು ಕಟ್ಟಿಕೊಟ್ಟಿದ್ದೇನೆ, ವಾಪಸ್ ಬಂದವನ್ನೂ ನೋಡಿದ್ದೇನೆ. ವಾಪಸ್ ಬಂದವುಗಳಲ್ಲಿ ಬಹಳಷ್ಟರಲ್ಲಿ ದೂರು ನಿಜವೇ ಇತ್ತು. ಆದರೆ ಅದನ್ನು ತೋರಿಸುವ ಕಾಗದ ಇರಲಿಲ್ಲ, ಇಲ್ಲವೇ ಕೇಳಿದ್ದೇನು ಅಂತಲೇ ಸ್ಪಷ್ಟವಿರಲಿಲ್ಲ. ಹಾಗಾಗಿ ಇಲ್ಲಿ ಕಾನೂನಿಗಿಂತ ಕಾಗದದ ಮಾತೇ ಜಾಸ್ತಿ.

ಮೂರು ತಾರೀಖು, ಮೂರು ಕೆಲಸ

ಮೊದಲು ಗೊಂದಲ ಬಿಡಿಸಿಕೊಳ್ಳೋಣ. ಅಧಿಕಾರಿಯ ದಾಖಲೆಯಲ್ಲಿ ಒಂದಕ್ಕೊಂದು ಹತ್ತಿರದ ಮೂರು ತಾರೀಖುಗಳಿರುತ್ತವೆ. ಬಹಳ ಜನ ಮೂರನ್ನೂ ಒಂದೇ ಅಂದುಕೊಂಡಿರುತ್ತಾರೆ.

ಡೇಟ್ ಆಫ್ ರ‍್ಯಾಂಕ್ ಹಿರಿತನದ ತಾರೀಖು. ಒಂದೇ ದರ್ಜೆಯ ಇಬ್ಬರಲ್ಲಿ ಯಾರು ಸೀನಿಯರ್ ಅನ್ನುವುದು ಇದರಿಂದ ತೀರ್ಮಾನವಾಗುತ್ತದೆ. ಅಮೆರಿಕದ ಕಾನೂನು ಸಂಹಿತೆಯ ಟೈಟಲ್ 10, ಸೆಕ್ಷನ್ 741 ಇದರ ಮೂಲ. ಮುಂದಿನ ಬಡ್ತಿಗೆ ಯಾವಾಗ ಸರದಿ ಬರುತ್ತದೆ ಅನ್ನುವುದೂ ಇದರ ಮೇಲೆಯೇ ನಿಂತಿದೆ.

ಎಫೆಕ್ಟಿವ್ ಡೇಟ್ ಎಂದರೆ ಬಡ್ತಿ ಜಾರಿಗೆ ಬಂದ ದಿನ. ಹೊಸ ದರ್ಜೆಯ ಸಂಬಳ ಶುರುವಾಗುವುದು ಈ ದಿನದಿಂದ.

ಮೂರನೆಯದು ಪೇ ಡೇಟ್. ಸಂಬಳಕ್ಕಾಗಿ ನಿಮ್ಮ ಸೇವೆಯ ವರ್ಷಗಳನ್ನು ಎಣಿಸಲು ಶುರುಮಾಡುವ ದಿನ ಅದು. ಬಡ್ತಿಯಿಂದ ಅದು ಬದಲಾಗುವುದಿಲ್ಲ.

ಸುಮಾರು ಸಲ ಮೊದಲ ಎರಡು ಒಂದೇ ದಿನ ಇರುತ್ತವೆ, ಅದಕ್ಕೇ ಗೊಂದಲ. ಆದರೆ ಡೇಟ್ ಆಫ್ ರ‍್ಯಾಂಕ್ ಒಂದನ್ನೇ ಹಿಂದಕ್ಕೆ ಸರಿಸಿ ಎಫೆಕ್ಟಿವ್ ಡೇಟ್ ಹಾಗೇ ಬಿಟ್ಟರೆ ಹಿರಿತನ ಸಿಗುತ್ತದೆ, ಬಾಕಿ ಹಣ ಒಂದು ಡಾಲರೂ ಸಿಗುವುದಿಲ್ಲ. ಎರಡೂ ಬೇಕಿದ್ದರೆ ಎರಡನ್ನೂ ಹೆಸರು ಹಿಡಿದು ಕೇಳಬೇಕು.

ನಿಜವಾಗಿಯೂ ತಪ್ಪೇ?

ಸಿಟ್ಟಿನಲ್ಲಿ ಅರ್ಜಿ ಬರೆಯುವ ಮುಂಚೆ ಇದನ್ನು ಖಾತ್ರಿ ಮಾಡಿಕೊಳ್ಳಿ. ತಪ್ಪಿನಂತೆ ಕಂಡು ತಪ್ಪಲ್ಲದ ಕೆಲವು ಇವೆ.

ಆರ್‌ಒಟಿಸಿ, ಅಂದರೆ ಕಾಲೇಜಿನಲ್ಲೇ ಅಧಿಕಾರಿಗಳನ್ನು ತಯಾರು ಮಾಡುವ ತರಬೇತಿಯ ಮೂಲಕ ಬಂದವರ ವಿಷಯ ತಗೊಳ್ಳಿ. ಕಾಲೇಜಿನಲ್ಲಿ ಮೇ ಮೊದಲ ವಾರವೇ ಪ್ರಮಾಣವಚನ ಆಗಿರುತ್ತದೆ. ದಾಖಲೆಯಲ್ಲಿ ನೋಡಿದರೆ ಡೇಟ್ ಆಫ್ ರ‍್ಯಾಂಕ್ ಮೇ ಕೊನೆಗಿದೆ. ತಪ್ಪು ಅನಿಸುತ್ತದೆ, ಅಲ್ವಾ? ಅಲ್ಲ. ಮೇ ಅಥವಾ ಜೂನ್‌ನಲ್ಲಿ ಆರ್‌ಒಟಿಸಿಯಿಂದ ನೇಮಕವಾದವರಿಗೆ ಆ ವರ್ಷ ಸೇನಾ ಅಕಾಡೆಮಿಯ ಕೆಡೆಟ್‌ಗಳು ಪದವಿ ಪಡೆದ ದಿನವೇ ಡೇಟ್ ಆಫ್ ರ‍್ಯಾಂಕ್ ಅಂತ ಅದೇ ಟೈಟಲ್ 10ರ ಸೆಕ್ಷನ್ 2106 ಹೇಳುತ್ತದೆ (ಮುಂದೆ ಬರುವ ಸೆಕ್ಷನ್‌ಗಳೂ ಅದರವೇ). ಅಕಾಡೆಮಿಯವರಿಗಿಂತ ಒಂದೆರಡು ವಾರ ಮೊದಲು ಪ್ರಮಾಣ ತಗೊಂಡ ಮಾತ್ರಕ್ಕೆ ಸೀನಿಯರ್ ಆಗಬಾರದು ಅನ್ನುವುದು ಲೆಕ್ಕ.

ಇನ್ನೊಂದು, ಬೇರೆ ಪಡೆಯ ಗೆಳೆಯರ ಜೊತೆ ಹೋಲಿಸುವುದು. ಸೆಕೆಂಡ್ ಲೆಫ್ಟಿನೆಂಟ್ ದರ್ಜೆಯಲ್ಲಿ ಕನಿಷ್ಠ 18 ತಿಂಗಳು ಇರಬೇಕು ಅಂತ ಸೆಕ್ಷನ್ 619 ಹೇಳುತ್ತದೆ. ಆರ್ಮಿಯಲ್ಲಿ 18 ತಿಂಗಳಿಗೇ ಫಸ್ಟ್ ಲೆಫ್ಟಿನೆಂಟ್ ಮಾಡುವುದು ರೂಢಿ. ನೇವಿ, ಏರ್ ಫೋರ್ಸ್‌ನಲ್ಲಿ ಎರಡು ವರ್ಷ ಕಾಯುತ್ತಾರೆ. ಹಾಗಾಗಿ ಏರ್ ಫೋರ್ಸ್‌ನಲ್ಲಿರುವವರು ಆರ್ಮಿಯ ಗೆಳೆಯನ ತಾರೀಖು ನೋಡಿ ಹೊಟ್ಟೆ ಉರಿಸಿಕೊಂಡು ಪ್ರಯೋಜನವಿಲ್ಲ.

ಮಧ್ಯೆ ಸೇವೆ ಬಿಟ್ಟು ಮತ್ತೆ ಸೇರಿದ್ದರೆ, ಅಥವಾ ರಿಸರ್ವ್‌ನಲ್ಲಿ ಸಕ್ರಿಯವಲ್ಲದ ಪಟ್ಟಿಯಲ್ಲಿ ಇದ್ದು ಬಂದಿದ್ದರೆ, ಆ ಖಾಲಿ ಕಾಲವನ್ನು ಕಳೆದು ಹೊಸ ತಾರೀಖು ಕೊಟ್ಟಿರಬಹುದು. ಅಲ್ಲಿ ನೋಡಬೇಕಾದ್ದು ತಾರೀಖು ಬದಲಾಯಿತೇ ಅಂತ ಅಲ್ಲ, ಕಳೆದ ದಿನಗಳ ಲೆಕ್ಕ ಸರಿಯೇ ಅಂತ.

ತಪ್ಪು ಹುಟ್ಟಿದ ಜಾಗ ಹುಡುಕಿ

ಇಡೀ ಕೆಲಸದಲ್ಲಿ ನನಗೆ ಮುಖ್ಯ ಅನಿಸುವುದು ಇದೇ. ತಪ್ಪು ಎಲ್ಲಿ ಹುಟ್ಟಿತು ಅನ್ನುವುದರ ಮೇಲೆ ಯಾರ ಹತ್ತಿರ ಹೋಗಬೇಕು ಅನ್ನುವುದು ನಿಂತಿದೆ. ಒಂದು ವಾರದಲ್ಲಿ ಮುಗಿಯುವ ಕೆಲಸಕ್ಕೆ ಸೇನಾ ದಾಖಲೆಯ ತಪ್ಪು ತಿದ್ದುವ ಬೋರ್ಡ್‌ಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರಿದ್ದಾರೆ.

ಅತಿ ಸುಲಭದ್ದು ಟೈಪಿಂಗ್ ತಪ್ಪು. ಆರ್ಡರ್‌ನಲ್ಲಿ ಸರಿಯಾದ ತಾರೀಖಿದೆ, ಕಂಪ್ಯೂಟರ್‌ನಲ್ಲಿ ತಪ್ಪಿದೆ. ಆರ್ಮಿ ದಾಖಲೆಗಳಲ್ಲಿ ತಾರೀಖನ್ನು ವರ್ಷ, ತಿಂಗಳು, ದಿನ ಸೇರಿಸಿ ಎಂಟು ಅಂಕೆಯಾಗಿ ಬರೆಯುತ್ತಾರೆ. 20230316 ಅಂತ ಇರಬೇಕಾದ್ದು 20230516 ಆದರೆ ಒಂದೇ ಅಂಕೆಯ ವ್ಯತ್ಯಾಸ, ಎರಡು ತಿಂಗಳ ಹಿರಿತನ ಮಾಯ. ನಮ್ಮವರಿಗೆ ಇನ್ನೊಂದು ಗುಂಡಿ ಇದೆ. ನಾವು ದಿನ ಮೊದಲು ಬರೆದು ಬೆಳೆದವರು, ಅಮೆರಿಕದವರು ತಿಂಗಳು ಮೊದಲು ಬರೆಯುತ್ತಾರೆ. ನೀವೇ ಕೈಯಲ್ಲಿ ತುಂಬಿದ ಯಾವುದೋ ಫಾರ್ಮ್‌ನಲ್ಲಿ 5/6 ಅಂತ ಬರೆದದ್ದು ಜೂನ್ 5ರ ಬದಲು ಮೇ 6 ಆಗಿ ಕೂತಿರಬಹುದು. ಆರ್ಮಿ 2023ರ ಆರಂಭದಲ್ಲಿ ಐಪಿಪಿಎಸ್-ಎ ಎಂಬ ಸಿಬ್ಬಂದಿ ದಾಖಲೆಯ ಹೊಸ ಕಂಪ್ಯೂಟರ್ ವ್ಯವಸ್ಥೆಯನ್ನು ಎಲ್ಲ ಘಟಕಗಳಿಗೂ ತಂದಿತು. ಅದಕ್ಕಿಂತ ಹಿಂದೆ ಸೇರಿದವರು ಹಳೇ ಆರ್ಡರ್ ಪಕ್ಕದಲ್ಲಿಟ್ಟುಕೊಂಡು ಈಗಿನ ದಾಖಲೆಯ ಒಂದೊಂದು ತಾರೀಖನ್ನೂ ತಾಳೆ ನೋಡುವುದು ಒಳ್ಳೆಯದು.

ಎರಡನೆಯದು ಆರ್ಡರೇ ತಪ್ಪಾಗಿರುವುದು. ಕಂಪ್ಯೂಟರ್ ಆರ್ಡರನ್ನು ನಂಬಿದೆ, ಆರ್ಡರ್ ತಪ್ಪು ಹೇಳಿದೆ. ಆಗ ಆರ್ಡರ್ ಹೊರಡಿಸಿದ ಕಚೇರಿಯೇ ತಿದ್ದಿದ ಆರ್ಡರ್ ಕೊಡಬೇಕು.

ಮೂರನೆಯದು ಸೇವಾ ಕ್ರೆಡಿಟ್ ಲೆಕ್ಕ. ವೈದ್ಯರು, ದಂತವೈದ್ಯರು, ವಕೀಲರು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಅಮೆರಿಕದ ಕನ್ನಡ ಕುಟುಂಬಗಳಿಂದ ಸೇನೆಯ ವೈದ್ಯಕೀಯ ವಿಭಾಗಕ್ಕೆ ಹೋದವರು ಈ ಭಾಗವನ್ನು ನಿಧಾನವಾಗಿ ಓದಿ. ಪದವಿಯ ಮೇಲಿನ ಓದಿಗೆ, ತರಬೇತಿಗೆ ಸೆಕ್ಷನ್ 533ರಡಿ ಕನ್‌ಸ್ಟ್ರಕ್ಟಿವ್ ಸರ್ವಿಸ್ ಕ್ರೆಡಿಟ್ ಸಿಗುತ್ತದೆ. ರಿಸರ್ವ್‌ನವರಿಗೆ ಇದೇ ಲೆಕ್ಕ ಸೆಕ್ಷನ್ 12207ರಲ್ಲಿದೆ. ಅಂದರೆ ಸೇವೆ ಮಾಡದಿದ್ದರೂ ಮಾಡಿದಂತೆ ಎಣಿಸುವುದು. ಮೆಡಿಕಲ್ ಸ್ಕೂಲ್ 4 ವರ್ಷ, ರೆಸಿಡೆನ್ಸಿ 3 ವರ್ಷ, ಒಟ್ಟು 7 ವರ್ಷ ಕ್ರೆಡಿಟ್ ಸಿಕ್ಕಿತು ಅಂದುಕೊಳ್ಳಿ. ಅದರಲ್ಲಿ 4 ವರ್ಷ ಕ್ಯಾಪ್ಟನ್ ಆಗಿ ಒಳಗೆ ಬರಲು ಖರ್ಚಾಗುತ್ತದೆ. ಉಳಿದ 3 ವರ್ಷ ಸುಮ್ನೆ ಹೋಗುವುದಿಲ್ಲ, ಡೇಟ್ ಆಫ್ ರ‍್ಯಾಂಕನ್ನು ಅಷ್ಟು ಹಿಂದಕ್ಕೆ ತಳ್ಳುತ್ತದೆ. ಇವತ್ತು ಸೇರಿದ ಕ್ಯಾಪ್ಟನ್ ಕಾಗದದ ಮೇಲೆ ಮೂರು ವರ್ಷದ ಹಳೇ ಕ್ಯಾಪ್ಟನ್. ಆದರೆ ನೇಮಕದ ಹೊತ್ತಿನಲ್ಲಿ ರೆಸಿಡೆನ್ಸಿಯ ಪ್ರಮಾಣಪತ್ರ ಫೈಲಿಗೆ ಸೇರದೆ ಹೋದರೆ ಲೆಕ್ಕ 4ಕ್ಕೇ ನಿಲ್ಲುತ್ತದೆ. ನೇಮಕದ ದಿನವೇ ಡೇಟ್ ಆಫ್ ರ‍್ಯಾಂಕ್ ಆಗಿಬಿಡುತ್ತದೆ. ಎರಡು ಎಚ್ಚರಿಕೆ: ಒಂದೇ ಅವಧಿಗೆ ಎರಡು ಸಲ ಕ್ರೆಡಿಟ್ ಕೊಡುವುದಿಲ್ಲ. ಈ ಕ್ರೆಡಿಟ್ ದರ್ಜೆಗೆ, ಹಿರಿತನಕ್ಕೆ, ಬಡ್ತಿಯ ಅರ್ಹತೆಗೆ ಮಾತ್ರ. ಸಂಬಳದ ವರ್ಷ ಎಣಿಸಲು ಇದನ್ನು ಹಿಡಿದುಕೊಂಡು ಹೋಗಬೇಡಿ.

ನಾಲ್ಕನೆಯದು ವಿಳಂಬ. ಯಾರೂ ತಪ್ಪು ಬರೆದಿಲ್ಲ, ಆದರೆ ಫೈಲ್ ಯಾರದೋ ಮೇಜಿನ ಮೇಲೆ ಮಲಗಿತ್ತು. ನ್ಯಾಷನಲ್ ಗಾರ್ಡ್, ಅಂದರೆ ರಾಜ್ಯಗಳ ಮೀಸಲು ಪಡೆಯವರಿಗೆ ಇದು ಚೆನ್ನಾಗಿ ಗೊತ್ತು. ರಾಜ್ಯ ಬಡ್ತಿ ಆರ್ಡರ್ ಕೊಟ್ಟಿರುತ್ತದೆ, ಫೆಡರಲ್ ಮಾನ್ಯತೆ ಬರುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ. ಅಧಿಕಾರಿಯ ತಪ್ಪಿಲ್ಲದೆ ಮಿತಿಮೀರಿ ತಡವಾಗಿದ್ದರೆ ತಾರೀಖನ್ನು ಹಿಂದಕ್ಕೆ ಸರಿಸಲು ಸೆಕ್ಷನ್ 14308 ಅವಕಾಶ ಕೊಟ್ಟಿದೆ. ಆದರೆ ರಾಜ್ಯ ಬಡ್ತಿ ಕೊಟ್ಟ ದಿನಕ್ಕಿಂತ ಹಿಂದೆ ಹೋಗುವಂತಿಲ್ಲ. ಸಕ್ರಿಯ ಸೇವೆಯವರಿಗೆ ಸೆಕ್ಷನ್ 741ರಲ್ಲೇ ಒಂದು ಕಿಂಡಿ ಇದೆ. ಆಯ್ಕೆ ಬೋರ್ಡ್‌ನ ವರದಿ ಅಥವಾ ಬಡ್ತಿ ಪಟ್ಟಿ ಅಸಾಮಾನ್ಯ ಕಾರಣದಿಂದ ತಡವಾದರೆ ಪಡೆಯ ಸೆಕ್ರೆಟರಿ ತಾರೀಖು ಹೊಂದಿಸಬಹುದು. ತನಿಖೆಯ ಕಾರಣ ಬಡ್ತಿ ತಡೆದು, ಆಮೇಲೆ ಆರೋಪ ಬಿದ್ದುಹೋದವರದು ಬೇರೆ ದಾರಿ. ಅವರು ಸೆಕ್ಷನ್ 624 ಓದಬೇಕು.

ಕಾಗದ ಕೂಡಿಸುವುದು

ಒಂದು ಕಥೆ ಹೇಳುವಂತೆ ಕಾಗದಗಳನ್ನು ಜೋಡಿಸಿ. ನೇಮಕದ ಆರ್ಡರ್, ಪ್ರಮಾಣವಚನದ ಫಾರ್ಮ್ (ಆರ್ಮಿಯಲ್ಲಿ ಅದು ಡಿಎ ಫಾರ್ಮ್ 71), ಪ್ರತಿ ಬಡ್ತಿಯ ಆರ್ಡರ್, ಈಗಿನ ದಾಖಲೆಯ ಮುದ್ರಿತ ಪ್ರತಿ, ಬಡ್ತಿ ಆಸುಪಾಸಿನ ತಿಂಗಳುಗಳ ಸಂಬಳದ ಚೀಟಿ. ಹಿಂದೆ ಬೇರೆ ಪಡೆಯಲ್ಲಿದ್ದರೆ ಡಿಡಿ ಫಾರ್ಮ್ 214 (ಸೇವೆ ಬಿಟ್ಟಾಗ ಕೊಡುವ ಪ್ರಮಾಣಪತ್ರ) ಕೂಡ. ಕ್ರೆಡಿಟ್ ವಿಷಯವಾದರೆ ಅಂಕಪಟ್ಟಿ, ಪದವಿ ಪತ್ರ, ರೆಸಿಡೆನ್ಸಿ ಶುರುವಾದ ಮತ್ತು ಮುಗಿದ ದಿನ ನಮೂದಿಸಿದ ಪತ್ರ ಬೇಕೇ ಬೇಕು.

ಆರ್ಮಿಯವರಿಗೆ ಐಪರ್ಮ್ಸ್ ಎಂಬ ಆನ್‌ಲೈನ್ ದಾಖಲೆ ವ್ಯವಸ್ಥೆಯಲ್ಲಿ ಅಧಿಕೃತ ಫೈಲ್ ಸಿಗುತ್ತದೆ. ಉಳಿದ ಪಡೆಗಳಿಗೂ ಅವರವರ ಆನ್‌ಲೈನ್ ಫೈಲ್ ಇದೆ. ನಿವೃತ್ತರು, ಸೇವೆ ಬಿಟ್ಟವರು ಸ್ಟ್ಯಾಂಡರ್ಡ್ ಫಾರ್ಮ್ 180 ತುಂಬಿ ಸೇಂಟ್ ಲೂಯಿಸ್‌ನ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರದಿಂದ ತರಿಸಿಕೊಳ್ಳಬಹುದು. 1973ರ ಜುಲೈನಲ್ಲಿ ಅಲ್ಲಿ ಬಿದ್ದ ಬೆಂಕಿಗೆ ಹಳೇ ಕಾಲದ ಲಕ್ಷಾಂತರ ಫೈಲುಗಳು ಸುಟ್ಟುಹೋದವು. ಕಚೇರಿ ಇಟ್ಟುಕೊಂಡಿರುತ್ತದೆ ಬಿಡಿ ಅಂತ ಯಾರಾದರೂ ಹೇಳಿದಾಗಲೆಲ್ಲ ನನಗೆ ಆ ಬೆಂಕಿ ನೆನಪಾಗುತ್ತದೆ. ನಿಮ್ಮ ಆರ್ಡರ್‌ಗಳ ಒಂದು ಪ್ರತಿ ನಿಮ್ಮ ಮನೆಯಲ್ಲೇ ಇರಲಿ.

ಇಮೇಲ್‌ಗಳನ್ನು ಮರೆಯಬೇಡಿ. ವಿಳಂಬದ ಪ್ರಕರಣದಲ್ಲಿ "ನಿಮ್ಮ ಫೈಲ್ ನಮ್ಮಲ್ಲಿ ಬಾಕಿ ಇದೆ" ಎಂದು ಯಾರೋ ಬರೆದ ಎರಡು ಸಾಲು ಹತ್ತು ಪುಟದ ದೂರಿಗಿಂತ ಗಟ್ಟಿ ಸಾಕ್ಷಿ. ಕೆಲಸದ ಇಮೇಲ್ ಖಾತೆ ವರ್ಗಾವಣೆ, ನಿವೃತ್ತಿಯ ಜೊತೆ ಕೈತಪ್ಪಬಹುದು. ಈಗಲೇ ಮುದ್ರಿಸಿಡಿ. ಬೇರೆಯವರ ಸೋಷಿಯಲ್ ಸೆಕ್ಯುರಿಟಿ ನಂಬರ್ ಕಂಡರೆ ಅದನ್ನು ಕಪ್ಪು ಮಸಿಯಲ್ಲಿ ಮುಚ್ಚಿ.

ಬೋರ್ಡ್‌ಗೂ ಮುಂಚೆ

ತಿದ್ದುಪಡಿ ಬೋರ್ಡ್ ಕೊನೆಯ ಬಾಗಿಲು. ಕೆಳಗಿನ ಬಾಗಿಲುಗಳನ್ನು ತಟ್ಟದೆ ನೇರ ಅಲ್ಲಿಗೆ ಹೋದರೆ, ಮೊದಲು ಅಲ್ಲಿ ಕೇಳಿ ಬನ್ನಿ ಅಂತ ವಾಪಸ್ ಕಳಿಸುತ್ತಾರೆ.

ಆದ್ದರಿಂದ ಮೊದಲು ನಿಮ್ಮ ಘಟಕದ ಸಿಬ್ಬಂದಿ ವಿಭಾಗ. ಟೈಪಿಂಗ್ ತಪ್ಪಾಗಿದ್ದರೆ ಕಥೆ ಅಲ್ಲಿಗೇ ಮುಗಿಯಬಹುದು. ಆಗದಿದ್ದರೆ ಕೇಂದ್ರ ಕಚೇರಿ: ಆರ್ಮಿಗೆ ಫೋರ್ಟ್ ನಾಕ್ಸ್‌ನಲ್ಲಿರುವ ಹ್ಯೂಮನ್ ರಿಸೋರ್ಸಸ್ ಕಮಾಂಡ್, ನೇವಿಗೆ ಟೆನ್ನೆಸ್ಸಿಯ ಮಿಲಿಂಗ್ಟನ್‌ನಲ್ಲಿರುವ ನೇವಿ ಪರ್ಸನೆಲ್ ಕಮಾಂಡ್, ಏರ್ ಫೋರ್ಸ್‌ಗೆ ಟೆಕ್ಸಸ್‌ನ ರ‍್ಯಾಂಡಾಲ್ಫ್‌ನಲ್ಲಿರುವ ಪರ್ಸನೆಲ್ ಸೆಂಟರ್. ವೈದ್ಯರ ಕ್ರೆಡಿಟ್ ಲೆಕ್ಕವಾದರೆ ನೇಮಕದ ಹೊತ್ತಿನಲ್ಲಿ ಅದನ್ನು ಹಾಕಿದ ಕಚೇರಿಗೇ ಮರುಲೆಕ್ಕ ಕೇಳಿ.

ಫೋನಿನಲ್ಲಿ ಮಾತಾಡಿ ಮುಗಿಸಬೇಡಿ. "ಆಗಲ್ಲ" ಅನ್ನುವ ಉತ್ತರವೂ ಬರಹದಲ್ಲಿ ಬೇಕು. ಆ ತಿರಸ್ಕಾರ ಪತ್ರವೇ ಬೋರ್ಡ್‌ನ ಬಾಗಿಲಿಗೆ ಕೀಲಿಕೈ. ನನ್ನ ಕಣ್ಣೆದುರೇ ಒಬ್ಬ ಲೆಫ್ಟಿನೆಂಟ್ ಒಂದು ಕಚೇರಿಗೆ ಐದು ತಿಂಗಳು ಫೋನ್ ಮಾಡಿದ. ಪ್ರತಿ ಸಲ ಬೇರೆಯವರು ಎತ್ತಿದರು, ಪ್ರತಿ ಸಲ ಮೊದಲಿಂದ ಕಥೆ. ಕೊನೆಗೆ ಒಂದು ಪ್ಯಾರಾದ ಇಮೇಲ್ ಕಳಿಸಿದ, ಒಂಬತ್ತು ದಿನಕ್ಕೆ ಬರಹದಲ್ಲಿ ಉತ್ತರ ಬಂತು.

ಡಿಡಿ ಫಾರ್ಮ್ 149

ತಿದ್ದುಪಡಿ ಬೋರ್ಡ್‌ಗಳಿಗೆ ಮೂಲ ಸೆಕ್ಷನ್ 1552. ಇದರ ಹಿಂದೆ ಒಂದು ಇತಿಹಾಸವಿದೆ. 1946ಕ್ಕೆ ಮೊದಲು ಸೇನಾ ದಾಖಲೆಯ ಒಂದು ತಪ್ಪು ತಿದ್ದಲು ಅಮೆರಿಕದ ಕಾಂಗ್ರೆಸ್‌ನಲ್ಲಿ ಆ ಒಬ್ಬ ವ್ಯಕ್ತಿಗಾಗಿಯೇ ಖಾಸಗಿ ಮಸೂದೆ ತರಬೇಕಿತ್ತು. ಆ ಹೊರೆ ಇಳಿಸಲು ಆ ವರ್ಷದ ಶಾಸಕಾಂಗ ಪುನರ್‌ರಚನಾ ಕಾಯ್ದೆಯಲ್ಲಿ ಈ ಕೆಲಸವನ್ನು ಇಲಾಖೆಗಳಿಗೇ ವಹಿಸಿದರು. ಬೋರ್ಡ್‌ನಲ್ಲಿ ಕೂರುವವರು ಸಮವಸ್ತ್ರದವರಲ್ಲ, ಇಲಾಖೆಯ ನಾಗರಿಕ ಅಧಿಕಾರಿಗಳು. ಹಾಗಾಗಿ ನಿಮ್ಮ ಘಟಕದ ಒಳಮಾತು ಅವರಿಗೆ ಅರ್ಥವಾಗುತ್ತದೆ ಅಂತ ಅಂದುಕೊಳ್ಳಬೇಡಿ.

ಆರ್ಮಿಗೆ ಒಂದು ಬೋರ್ಡ್. ನೇವಿ ಮತ್ತು ಮರೀನ್ ಕೋರ್ ಎರಡಕ್ಕೂ ಸೇರಿ ಒಂದು. ಏರ್ ಫೋರ್ಸ್ ಮತ್ತು ಸ್ಪೇಸ್ ಫೋರ್ಸ್‌ಗೆ ಒಂದು. ಕೋಸ್ಟ್ ಗಾರ್ಡ್‌ನದು ಗೃಹಭದ್ರತಾ ಇಲಾಖೆಯಡಿ ಬರುತ್ತದೆ. ಅರ್ಜಿಯ ಫಾರ್ಮ್ ಮಾತ್ರ ಎಲ್ಲರಿಗೂ ಅದೇ ಡಿಡಿ ಫಾರ್ಮ್ 149. ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ, ಬೇಕಿದ್ದರೆ ನಿಮ್ಮ ಖರ್ಚಿನಲ್ಲಿ ಇಟ್ಟುಕೊಳ್ಳಬಹುದು. ತಾರೀಖಿನ ಸರಳ ತಪ್ಪಿಗೆ ವಕೀಲರ ಅಗತ್ಯ ನನಗೆ ಕಂಡಿಲ್ಲ. ಬಡ್ತಿ ತಪ್ಪಿದ್ದು, ತನಿಖೆ, ಬಾಕಿ ಹಣ ಎಲ್ಲ ಹೆಣೆದುಕೊಂಡಿದ್ದರೆ ಒಬ್ಬರನ್ನು ಕೇಳುವುದು ಜಾಣತನ.

ಬೋರ್ಡ್ ಒಂದು ನಂಬಿಕೆಯಿಂದ ಶುರುಮಾಡುತ್ತದೆ: ಕಚೇರಿಗಳು ತಮ್ಮ ಕೆಲಸ ಸರಿಯಾಗಿಯೇ ಮಾಡಿವೆ. ಅದನ್ನು ಅಲ್ಲಗಳೆಯುವ ಭಾರ ನಿಮ್ಮದು. ತಕ್ಕಡಿ ನಿಮ್ಮ ಕಡೆ ಸ್ವಲ್ಪವಾದರೂ ವಾಲಬೇಕು. ಎರಡೂ ಕಡೆ ಸಮ ಇದ್ದರೆ ನೀವು ಸೋತಂತೆ.

ಹಾಗಾಗಿ ಹೇಳಿಕೆ ಚಿಕ್ಕದಿರಲಿ. ಈಗ ಏನಿದೆ, ಏನಿರಬೇಕು, ಯಾವ ನಿಯಮದಂತೆ, ಯಾವ ಕಾಗದದಲ್ಲಿ ಕಾಣುತ್ತದೆ. ಇಷ್ಟೇ. ಫಾರ್ಮ್ ಇಂಗ್ಲಿಷ್‌ನಲ್ಲೇ ತುಂಬಬೇಕು, ಆದರೆ ಹೇಳುವ ಕ್ರಮ ಹೀಗಿರಬೇಕು. ಊಹೆಯ ಒಂದು ಪ್ರಕರಣ ಇಟ್ಟುಕೊಂಡು ಬರೆದಿದ್ದೇನೆ:

"ನನ್ನ ದಾಖಲೆಯಲ್ಲಿ ಫಸ್ಟ್ ಲೆಫ್ಟಿನೆಂಟ್ ಡೇಟ್ ಆಫ್ ರ‍್ಯಾಂಕ್ 2023ರ ಮೇ 16 ಎಂದಿದೆ. ಅದನ್ನು 2023ರ ಮಾರ್ಚ್ 16 ಎಂದು ತಿದ್ದಬೇಕು. ಎಫೆಕ್ಟಿವ್ ಡೇಟನ್ನೂ ಅದೇ ದಿನಕ್ಕೆ ತಿದ್ದಿ, ವ್ಯತ್ಯಾಸದ ಸಂಬಳ ಕೊಡಬೇಕು. ಸೆಕೆಂಡ್ ಲೆಫ್ಟಿನೆಂಟ್ ಆಗಿ ನನ್ನ ಡೇಟ್ ಆಫ್ ರ‍್ಯಾಂಕ್ 2021ರ ಸೆಪ್ಟೆಂಬರ್ 16 (ಲಗತ್ತು 1). 18 ತಿಂಗಳು 2023ರ ಮಾರ್ಚ್ 16ಕ್ಕೆ ತುಂಬಿತು. ಆ ದಿನ ನನ್ನ ಮೇಲೆ ಯಾವ ತಡೆಯೂ ಇರಲಿಲ್ಲ (ಲಗತ್ತು 2). ಬಡ್ತಿಯ ಕಾಗದ ಎರಡು ತಿಂಗಳು ತಡವಾಗಿ ಹೋಯಿತೆಂದು ಘಟಕದ ಸಿಬ್ಬಂದಿ ಅಧಿಕಾರಿ ಬರೆದುಕೊಟ್ಟಿದ್ದಾರೆ (ಲಗತ್ತು 3). ಕೇಂದ್ರ ಕಚೇರಿ ತಿದ್ದಲು ಒಪ್ಪಲಿಲ್ಲ (ಲಗತ್ತು 4)."

ನೋಡಿ, ಇದರಲ್ಲಿ ಸಿಟ್ಟಿಲ್ಲ, ಯಾರ ಮೇಲೂ ಆರೋಪವಿಲ್ಲ. ಪ್ರತಿ ವಾಕ್ಯದ ಬಾಲಕ್ಕೆ ಒಂದು ಕಾಗದವಿದೆ. ಲಗತ್ತುಗಳ ಮೇಲೆ ದೊಡ್ಡದಾಗಿ ನಂಬರ್ ಹಾಕಿ, ಬೇಕಾದ ಸಾಲಿನ ಪಕ್ಕ ಗೆರೆ ಎಳೆಯಿರಿ. ಮೂರನೇ ಲಗತ್ತಿನಂಥ ಪತ್ರ ಸಿಕ್ಕರೆ ಅರ್ಧ ಕೆಲಸ ಆದಂತೆ. ತಡ ನಮ್ಮಿಂದಲೇ ಆಯಿತು ಅಂತ ಬರೆದುಕೊಡುವ ಸಿಬ್ಬಂದಿ ಅಧಿಕಾರಿಗಳಿದ್ದಾರೆ, ಕೇಳಲು ನಾಚಬೇಡಿ.

ಹಾಜರಾಗಿ ಮಾತಾಡಲು ಅವಕಾಶ ಬೇಕೇ ಅಂತ ಫಾರ್ಮ್ ಕೇಳುತ್ತದೆ. ಅದು ಹಕ್ಕಲ್ಲ, ಬೋರ್ಡ್‌ನ ಇಷ್ಟ. ಹೆಚ್ಚಿನವು ಕಾಗದ ನೋಡಿಯೇ ತೀರ್ಮಾನವಾಗುತ್ತವೆ. ಸಹಿ ಹಾಕುವ ಮುಂಚೆ ಇನ್ನೊಮ್ಮೆ ಓದಿ, ಸುಳ್ಳು ಹೇಳಿಕೆಗೆ ಫೆಡರಲ್ ಕಾನೂನಿನಲ್ಲಿ ಶಿಕ್ಷೆ ಇದೆ.

ಮೂರು ವರ್ಷದ ಗಡುವು

ತಪ್ಪು ಗೊತ್ತಾದ ದಿನದಿಂದ ಮೂರು ವರ್ಷದೊಳಗೆ ಅರ್ಜಿ ಹಾಕಬೇಕು. ತಪ್ಪು ನಡೆದ ದಿನದಿಂದಲ್ಲ, ಗೊತ್ತಾದ ದಿನದಿಂದ. ಹಾಗಾಗಿ ಹೇಗೆ ಗೊತ್ತಾಯಿತು, ಯಾವತ್ತು ಗೊತ್ತಾಯಿತು ಅಂತ ಬರೆಯಿರಿ. ಬಡ್ತಿ ಬೋರ್ಡ್‌ನ ಪ್ರಕಟಣೆ ನೋಡಿದಾಗ ಗೊತ್ತಾದರೆ ಆ ಪ್ರಕಟಣೆಯನ್ನೂ ಲಗತ್ತಿಸಿ.

ಮೂರು ವರ್ಷ ದಾಟಿದ್ದರೆ ಕೈಚೆಲ್ಲಬೇಡಿ. ನ್ಯಾಯದ ದೃಷ್ಟಿಯಿಂದ ತಡವನ್ನು ಮನ್ನಿಸುವ ಅಧಿಕಾರ ಬೋರ್ಡ್‌ಗಿದೆ. ಇನ್ನೊಂದು ಮಾತು: ಸಕ್ರಿಯ ಸೇವೆಯಲ್ಲಿದ್ದ ಕಾಲವನ್ನು ಈ ಗಡುವಿನಲ್ಲಿ ಎಣಿಸಬಾರದು ಅಂತ 1994ರಲ್ಲಿ ಡೆಟ್‌ವೈಲರ್ ವಿರುದ್ಧ ಪೆನ್ಯಾ ಪ್ರಕರಣದಲ್ಲಿ ವಾಷಿಂಗ್ಟನ್ ಡಿ.ಸಿ.ಯ ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿದೆ. ಇನ್ನೂ ಸೇವೆಯಲ್ಲಿರುವವರು ಅರ್ಜಿ ತಡವಾಗಿದ್ದರೆ ಈ ತೀರ್ಪನ್ನು ಒಂದು ಸಾಲಿನಲ್ಲಿ ಹೆಸರಿಸಿ.

ಪೂರ್ತಿ ಕೇಳಿ, ಆದರೆ ಯೋಚಿಸಿ ಕೇಳಿ

ತಾರೀಖು ತಿದ್ದಿದರೆ ಅದರ ಹಿಂದೆ ಏನೇನು ಬದಲಾಗಬೇಕು ಅನ್ನುವುದನ್ನೂ ಅದೇ ಅರ್ಜಿಯಲ್ಲಿ ಕೇಳಿ. ಬೋರ್ಡ್ ತಾನಾಗಿಯೇ ಊಹಿಸಿ ಕೊಡುತ್ತದೆ ಅಂತ ಕಾಯಬೇಡಿ. ಸರಿಯಾದ ತಾರೀಖಿದ್ದಿದ್ದರೆ ಹಿಂದಿನ ಬಡ್ತಿ ಬೋರ್ಡ್‌ಗೇ ನಿಮ್ಮ ಹೆಸರು ಹೋಗುತ್ತಿತ್ತು ಅಂತಾದರೆ ಸ್ಪೆಷಲ್ ಸೆಲೆಕ್ಷನ್ ಬೋರ್ಡ್ ಕೇಳಬೇಕು. ಸಕ್ರಿಯ ಸೇವೆಗೆ ಸೆಕ್ಷನ್ 628, ರಿಸರ್ವ್‌ಗೆ 14502. ನಿಮ್ಮನ್ನು ಆ ಹಳೇ ಬೋರ್ಡ್‌ನ ಮುಂದೆ ಆಗಲೇ ಇಟ್ಟಿದ್ದಂತೆ ಅವರು ಪರಿಶೀಲಿಸುತ್ತಾರೆ.

ಒಂದು ಮಿತಿ ತಿಳಿದಿರಲಿ. ಸಕ್ರಿಯ ಸೇವೆಯಲ್ಲಿ ಮೇಜರ್ ಮತ್ತು ಮೇಲಿನ ದರ್ಜೆಗೆ ಸೆನೆಟ್‌ನ ಒಪ್ಪಿಗೆ ಬೇಕು. ಆಗದೇ ಇದ್ದ ನೇಮಕವನ್ನು ತಿದ್ದುಪಡಿ ಬೋರ್ಡ್ ತನ್ನ ಪೆನ್ನಿನಿಂದಲೇ ಆಗಿಸಲಾರದು. "ನನ್ನನ್ನು ಮೇಜರ್ ಮಾಡಿ" ಅನ್ನುವುದಕ್ಕಿಂತ "ತಾರೀಖು ತಿದ್ದಿ, ಸ್ಪೆಷಲ್ ಬೋರ್ಡ್ ಮುಂದೆ ಇಡಿ" ಅನ್ನುವ ಕೋರಿಕೆ ಈಡೇರುವ ಸಾಧ್ಯತೆ ಹೆಚ್ಚು.

ಈಗ ಯಾರೂ ಹೇಳದ ಮಾತು. ಹಿಂದಿನ ತಾರೀಖು ಯಾವಾಗಲೂ ಲಾಭವಲ್ಲ. ತಾರೀಖು ಹಿಂದೆ ಸರಿದರೆ ಬಡ್ತಿಯ ಸರದಿಯೂ ಬೇಗ ಬರುತ್ತದೆ. ಕ್ಯಾಪ್ಟನ್ ಆಗಿ ಕಂಪನಿ ಕಮಾಂಡ್ (ಕಂಪನಿ ಎಂಬ ಸೇನಾ ತುಕಡಿಯ ನೇತೃತ್ವ) ಇನ್ನೂ ಮುಗಿದಿಲ್ಲ, ಕೈಯಲ್ಲಿ ಒಂದೇ ಒಳ್ಳೆಯ ಮೌಲ್ಯಮಾಪನ ವರದಿ ಇದೆ ಅಂದಾಗ ಬಡ್ತಿ ಬೋರ್ಡ್‌ನ ಮುಂದೆ ಹೋದರೆ ಬರಿಗೈ. ಸಕ್ರಿಯ ಸೇವೆಯ ಕ್ಯಾಪ್ಟನ್ ಎರಡು ಸಲ ಮೇಜರ್‌ಗೆ ಆಯ್ಕೆಯಾಗದಿದ್ದರೆ, ಮುಂದುವರಿಸಲು ವಿಶೇಷವಾಗಿ ಆರಿಸದ ಹೊರತು, ಸೆಕ್ಷನ್ 632ರ ಪ್ರಕಾರ ಮನೆಗೆ ಹೋಗಬೇಕು. ಹೊಸದಾಗಿ ಸೇರಿದ ತಜ್ಞ ವೈದ್ಯರು, ವಕೀಲರು ಇದನ್ನು ಎರಡು ಸಲ ಯೋಚಿಸಬೇಕು. ನಿವೃತ್ತಿಯ ಹತ್ತಿರ ಇರುವವರಿಗೆ ಲೆಕ್ಕ ಉಲ್ಟಾ. ಮೇಜರ್‌ಗಿಂತ ಮೇಲಿನ ದರ್ಜೆಯಲ್ಲಿ ನಿವೃತ್ತರಾಗಲು ಸಾಮಾನ್ಯವಾಗಿ ಆ ದರ್ಜೆಯಲ್ಲಿ ಮೂರು ವರ್ಷ ತುಂಬಿರಬೇಕು. ಅಂಥವರಿಗೆ ಎರಡು ತಿಂಗಳೂ ಚಿನ್ನ.

ಅರ್ಜಿ ಹೋದ ಮೇಲೆ

ತುಂಬಾ ಕಾಯಬೇಕು. ನೂರಕ್ಕೆ 90 ಅರ್ಜಿಗಳು 10 ತಿಂಗಳೊಳಗೆ, ಎಲ್ಲವೂ 18 ತಿಂಗಳೊಳಗೆ ಮುಗಿಯಬೇಕು ಅಂತ ಸೆಕ್ಷನ್ 1557 ಹೇಳುತ್ತದೆ. ನೀವು ಲೆಕ್ಕ ಹಾಕುವಾಗ 18ನ್ನೇ ಹಿಡಿದುಕೊಳ್ಳಿ. ವಿಳಾಸ ಬದಲಾದರೆ ಬೋರ್ಡ್‌ಗೆ ತಿಳಿಸಿ. ಸೇನೆಯಲ್ಲಿ 18 ತಿಂಗಳಲ್ಲಿ ಊರು ಬದಲಾಗದೆ ಇರುವುದೇ ಅಪರೂಪ.

ನಡುವೆ ಒಂದು ದಿನ ಸಲಹಾ ಅಭಿಪ್ರಾಯ ಬರುತ್ತದೆ. ಬೋರ್ಡ್ ನಿಮ್ಮ ಅರ್ಜಿಯನ್ನು ಬಡ್ತಿ ವಿಭಾಗಕ್ಕೋ ಸಂಬಂಧಪಟ್ಟ ಕಚೇರಿಗೋ ಕಳಿಸಿ ಅವರ ಮಾತು ಕೇಳಿರುತ್ತದೆ. ಅದರ ಪ್ರತಿಯನ್ನು ನಿಮಗೂ ಕೊಟ್ಟು ಉತ್ತರಕ್ಕೆ ಸಮಯ ಕೊಡುತ್ತಾರೆ, ಸಾಮಾನ್ಯವಾಗಿ 30 ದಿನ. ಪತ್ರದಲ್ಲಿರುವ ಗಡುವನ್ನೇ ನೋಡಿಕೊಳ್ಳಿ. ಬಹಳ ಜನ ಇದನ್ನು ಓದಿ ಬೇಸರಪಟ್ಟು ಸುಮ್ಮನಾಗುತ್ತಾರೆ. ಅದೇ ದೊಡ್ಡ ತಪ್ಪು. ಅಭಿಪ್ರಾಯ ನಿಮ್ಮ ವಿರುದ್ಧವಿದ್ದು, ನೀವು ಮೌನವಾಗಿದ್ದರೆ ಬೋರ್ಡ್‌ನ ಮುಂದೆ ಉಳಿಯುವುದು ಆ ಒಂದೇ ಮಾತು. ಸಾಲು ಸಾಲಾಗಿ ಉತ್ತರ ಬರೆಯಿರಿ. ಅವರು ಹಳೇ ನಿಯಮ ಉಲ್ಲೇಖಿಸಿದ್ದಾರೆಯೇ? ನಿಮ್ಮ ಮೂರನೇ ಲಗತ್ತಿನ ಬಗ್ಗೆ ಒಂದು ಮಾತೂ ಆಡಿಲ್ಲವೇ? ಅದನ್ನೇ ಎತ್ತಿ ತೋರಿಸಿ. ಸಮಯ ಸಾಲದಿದ್ದರೆ ಗಡುವು ಮುಗಿಯುವ ಮುಂಚೆ ಹೆಚ್ಚು ಸಮಯ ಕೇಳಿ.

ತೀರ್ಮಾನ ಬಂದಾಗ

ಆಗಲ್ಲ ಅಂದರೆ, ಮೊದಲು ಕೊಡದ ಹೊಸ ಕಾಗದವಿದ್ದರೆ ಮರುಪರಿಶೀಲನೆ ಕೇಳಬಹುದು. ಅದೇ ವಾದವನ್ನು ಜೋರಾಗಿ ಹೇಳುವುದು ಹೊಸ ಸಾಕ್ಷಿಯಲ್ಲ. ಅದೂ ಆಗದಿದ್ದರೆ ಫೆಡರಲ್ ಕೋರ್ಟ್. ಬಾಕಿ ಸಂಬಳವೇ ಮುಖ್ಯವಾದರೆ ಕೋರ್ಟ್ ಆಫ್ ಫೆಡರಲ್ ಕ್ಲೇಮ್ಸ್, ಇಲ್ಲದಿದ್ದರೆ ಜಿಲ್ಲಾ ನ್ಯಾಯಾಲಯ. ಎರಡರಲ್ಲೂ ಗಡುವು ಸಾಮಾನ್ಯವಾಗಿ 6 ವರ್ಷ. ಆದರೆ ಸಂಬಳದ ದಾವೆಯಲ್ಲಿ ಗಡಿಯಾರ ಬೋರ್ಡ್‌ನ ತೀರ್ಮಾನಕ್ಕಿಂತ ಮೊದಲೇ ಓಡಲು ಶುರುವಾಗಿರಬಹುದು. ಹಾಗಾಗಿ ಈ ಹಂತದಲ್ಲಿ ವಕೀಲರನ್ನು ತಡಮಾಡದೆ ನೋಡಿ. ಕೋರ್ಟ್ ತಾರೀಖನ್ನು ಹೊಸದಾಗಿ ಲೆಕ್ಕ ಹಾಕುವುದಿಲ್ಲ. ಬೋರ್ಡ್ ಮನಸ್ಸಿಗೆ ಬಂದಂತೆ ನಡೆದುಕೊಂಡಿತೇ, ಕಾನೂನು ಮೀರಿತೇ ಅಂತ ಮಾತ್ರ ನೋಡುತ್ತದೆ.

ಒಪ್ಪಿದರೆ ಕೆಲಸ ಇನ್ನೂ ಸ್ವಲ್ಪ ಬಾಕಿ ಇರುತ್ತದೆ. ಬೋರ್ಡ್‌ನ ಕಾಗದ ತಾನಾಗಿಯೇ ಎಲ್ಲ ಕಂಪ್ಯೂಟರ್‌ಗಳನ್ನೂ ತಿದ್ದುವುದಿಲ್ಲ. ತಿದ್ದಿದ ಆರ್ಡರ್ ಹೊರಬಿತ್ತೇ, ಅದು ನಿಮ್ಮ ಅಧಿಕೃತ ಫೈಲಿಗೆ ಸೇರಿತೇ, ಸಿಬ್ಬಂದಿ ವ್ಯವಸ್ಥೆಯಲ್ಲಿ ಹೊಸ ತಾರೀಖು ಕಾಣುತ್ತಿದೆಯೇ ಅಂತ ಒಂದೊಂದಾಗಿ ನೋಡಿ. ಹಣ ಬರಬೇಕಿದ್ದರೆ ಅದನ್ನು ಕೊಡುವುದು ಡಿಫೆನ್ಸ್ ಫೈನಾನ್ಸ್ ಅಂಡ್ ಅಕೌಂಟಿಂಗ್ ಸರ್ವಿಸ್. ಅವರ ಲೆಕ್ಕದ ಹಾಳೆ ಕೇಳಿ ಪಡೆದು ಹಳೇ ಸಂಬಳದ ಚೀಟಿಗಳ ಜೊತೆ ಹೋಲಿಸಿ. ಹಳೇ ತಪ್ಪು ಆರ್ಡರ್ ಫೈಲಿನಲ್ಲಿ ಹೊಸದರ ಪಕ್ಕದಲ್ಲೇ ಉಳಿದಿದ್ದರೆ ತೆಗೆಸಿ. ಇಲ್ಲದಿದ್ದರೆ ಮುಂದೆ ಯಾವನೋ ಗುಮಾಸ್ತ ಎರಡನ್ನೂ ನೋಡಿ ತಪ್ಪಿದ್ದನ್ನೇ ಆರಿಸಿಕೊಳ್ಳುತ್ತಾನೆ. ಹಾಗಾದದ್ದನ್ನು ಒಂದು ಸಲ ನೋಡಿದ್ದೇನೆ. ಆ ಅಧಿಕಾರಿ ಬೋರ್ಡ್‌ನ ತೀರ್ಮಾನದ ಪ್ರತಿಯನ್ನು ಫೋನಿನಲ್ಲೇ ಇಟ್ಟುಕೊಂಡಿದ್ದರಿಂದ ಅರ್ಧ ಗಂಟೆಯಲ್ಲಿ ಸರಿಹೋಯಿತು.